ಮೊದಲು ಮಳೆಗಾಲದ ಹಡಗನ್ನು ನಿಗದಿಪಡಿಸಿ: ಅಮಿನಿದಿವಿ ದ್ವೀಪಗಳ ಸಂಚಾರದ ಕುರಿತು ಬಹಿರಂಗ ಪತ್ರ

ಲಕ್ಷದ್ವೀಪದ ಮಾನ್ಯ ಆಡಳಿತಾಧಿಕಾರಿಗಳಿಗೆ, ಕೇಂದ್ರ ಸರ್ಕಾರದ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯಕ್ಕೆ ಹಾಗೂ ಕರ್ನಾಟಕ ಸರ್ಕಾರದ ಬಂದರು ಇಲಾಖೆಗೆ,

ಮಾನ್ಯರೇ,

ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಜನವಸತಿಯ ದ್ವೀಪಗಳಿವೆ. ಹಳೆಯ ದಾಖಲೆಗಳಲ್ಲಿ ಇವಕ್ಕೆ ಅಮಿನಿದಿವಿ ದ್ವೀಪಗಳೆಂಬ ಹೆಸರಿದೆ. 2011ರ ಜನಗಣತಿಯ ಪ್ರಕಾರ ಈ ಐದರಲ್ಲಿ ಒಟ್ಟು ಸುಮಾರು 19,600 ಜನರಿದ್ದರು. ಅಮಿನಿಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು, ಬಿತ್ರದಲ್ಲಿ ಕೇವಲ 271. ಐದರಲ್ಲಿ ಒಂದರಲ್ಲೂ ವಿಮಾನ ನಿಲ್ದಾಣವಿಲ್ಲ. ಇಲ್ಲಿನವರಿಗೆ ದೊಡ್ಡ ಆಸ್ಪತ್ರೆ, ಹೆಚ್ಚಿನ ಕಾಲೇಜುಗಳು, ಹೈಕೋರ್ಟು, ದೊಡ್ಡ ಸಂತೆ ಎಲ್ಲವೂ ಕಡಲಿನ ಆಚೆ ಇವೆ, ಮತ್ತು ಅವರು ಅಲ್ಲಿಗೆ ಹೋಗಿ ಬರುವುದು ಹಡಗು ಬಂದರೆ ಮಾತ್ರ. ಈ ದ್ವೀಪಗಳಿಗೆ ಹೋಗಿ ಬರುವ ವ್ಯವಸ್ಥೆಯನ್ನು ಯಾವ ಕ್ರಮದಲ್ಲಿ ಯೋಜಿಸಬೇಕು ಎಂಬ ಒಂದೇ ವಿಷಯಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮಂಗಳೂರಿನ ಹಳೆ ಬಂದರಿನ ಆಸುಪಾಸಿನಲ್ಲಿ ಬೆಳೆದವನಾದ ನನಗೆ ಈ ದ್ವೀಪಗಳ ಜನ ಅಪರಿಚಿತರಲ್ಲ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಕಬ್ಬಿಣ, ಹಂಚು ಹೇರಿಕೊಂಡು ಹೊರಡುವ ಮಂಜಿಗಳೆಂಬ ಮರದ ಸರಕು ನೌಕೆಗಳನ್ನೂ, ಕೊಬ್ಬರಿ ಮತ್ತು ಒಣಮೀನು ಹೊತ್ತು ಮರಳುವ ಮಂಜಿಗಳನ್ನೂ ನೋಡುತ್ತ ಬಂದಿದ್ದೇವೆ. ಈ ನಂಟು ವ್ಯಾಪಾರದ್ದಷ್ಟೇ ಅಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮಿನಿಯ ಜನರು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಕೆನರಾ ಜಿಲ್ಲೆಗೂ, ಜಿಲ್ಲೆ ಒಡೆದ ನಂತರ ದಕ್ಷಿಣ ಕನ್ನಡಕ್ಕೂ ಸೇರಿದವು. ಅಮಿನಿಯಲ್ಲಿ ಕೂತ ಮಣೆಗಾರನೆಂಬ ಸ್ಥಳೀಯ ಅಧಿಕಾರಿ ಮಂಗಳೂರಿನ ಕಲೆಕ್ಟರರಿಗೆ ವರದಿ ಒಪ್ಪಿಸುತ್ತಿದ್ದ. ದ್ವೀಪದ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬಂದು, ಅದಕ್ಕೆ ಬದಲಾಗಿ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಹೊಸ ಮೈಸೂರು ರಾಜ್ಯವನ್ನು ಸೇರಿದ ದಿನವೇ ಅಮಿನಿದಿವಿ ದ್ವೀಪಗಳು ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆಡಳಿತದ ಗೆರೆ ಬದಲಾಯಿತು, ಸಮುದ್ರದ ಅಂತರ ಬದಲಾಗಲಿಲ್ಲ.

ಆ ಅಂತರವನ್ನೇ ಮೊದಲು ಗಮನಿಸಬೇಕೆಂದು ಕೋರುತ್ತೇನೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಮಂಗಳೂರಿನಿಂದ ಕಿಲ್ತಾನ್ ಸುಮಾರು 250 ಕಿಲೋಮೀಟರ್, ಚೆತ್ಲತ್ ಸುಮಾರು 265 ಕಿಲೋಮೀಟರ್. ಕೊಚ್ಚಿಯಿಂದ ಇದೇ ದ್ವೀಪಗಳು ಕ್ರಮವಾಗಿ 394 ಮತ್ತು 432 ಕಿಲೋಮೀಟರ್ ದೂರದಲ್ಲಿವೆ. 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ವೇಗದಲ್ಲಿ ಸಾಗುವ ಸಾಧಾರಣ ಹಡಗಿಗೆ ಮಂಗಳೂರು–ಕಿಲ್ತಾನ್ ಒಂದು ರಾತ್ರಿಯ ಪ್ರಯಾಣ: ಸಂಜೆ ಹೊರಟರೆ ಬೆಳಗಿನ ಜಾವಕ್ಕೆ ದ್ವೀಪ ಕಾಣುತ್ತದೆ. ಅದೇ ಹಡಗು ಕೊಚ್ಚಿಯಿಂದ ಹೊರಟರೆ ಇನ್ನೂ ಅರ್ಧ ಹಗಲು ಹೆಚ್ಚು ಬೇಕು. ಹಡಗಿನ ಮಟ್ಟಿಗೆ ಹಾಗೆ ಉಳಿದ ಹೊತ್ತೆಂದರೆ ಉಳಿದ ಇಂಧನ ಮತ್ತು ಅದೇ ವಾರದಲ್ಲಿ ಮಾಡಬಹುದಾದ ಇನ್ನೊಂದು ಸುತ್ತು. ಇರುವ ಹಡಗುಗಳೇ ಕಡಿಮೆ ಎಂದು ಹೇಳುವ ಆಡಳಿತಕ್ಕೆ, ಹೊಸ ಹಡಗು ಕಟ್ಟಿಸದೆಯೇ ಸಿಗುವ ಸಾಮರ್ಥ್ಯ ಇದು.

ವಿಮಾನದ ಪ್ರಶ್ನೆಯನ್ನು ಆರಂಭದಲ್ಲೇ ಇತ್ಯರ್ಥ ಮಾಡಿಕೊಳ್ಳುವುದು ಒಳಿತು, ಏಕೆಂದರೆ ದ್ವೀಪ ಸಾರಿಗೆಯ ಮಾತು ಬಂದಾಗಲೆಲ್ಲ ಚರ್ಚೆ ಅತ್ತಲೇ ವಾಲುತ್ತದೆ. ಲಕ್ಷದ್ವೀಪಕ್ಕೆ ಇರುವುದು ಅಗತ್ತಿಯ ಒಂದೇ ವಿಮಾನ ನಿಲ್ದಾಣ. 1988ರಲ್ಲಿ ಆರಂಭವಾದ ಅದರ ರನ್‌ವೇ ಸುಮಾರು 1,200 ಮೀಟರ್ ಉದ್ದವಿದ್ದು, ಎಟಿಆರ್ ಮಾದರಿಯ ಸಣ್ಣ ವಿಮಾನಕ್ಕಿಂತ ದೊಡ್ಡದು ಅಲ್ಲಿ ಇಳಿಯಲಾರದು. 2024ರ ಮಾರ್ಚ್ ಕೊನೆಯಿಂದ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾದಾಗ ಕನ್ನಡ ಪತ್ರಿಕೆಗಳು ಅದನ್ನು ಸಂಭ್ರಮದಿಂದ ಬರೆದವು. ಸಂಭ್ರಮ ಸಹಜ. ಆದರೆ ಅಗತ್ತಿಯಲ್ಲಿ ಇಳಿದ ಕಿಲ್ತಾನಿನ ಪ್ರಯಾಣಿಕನ ಮುಂದೆ ಇನ್ನೂ ನೂರು ಕಿಲೋಮೀಟರಿಗೂ ಹೆಚ್ಚು ತೆರೆದ ಸಮುದ್ರವಿರುತ್ತದೆ. ಚೆತ್ಲತ್‌ಗೂ ಅಷ್ಟೇ ದೂರ. ಆ ಕೊನೆಯ ಹಾದಿಗೆ ದೋಣಿ ಇಲ್ಲದ ದಿನ ವಿಮಾನದ ಟಿಕೆಟಿನಿಂದ ಅವನಿಗೆ ಏನೂ ಪ್ರಯೋಜನವಿಲ್ಲ.

ಹಾಗಾದರೆ ಪ್ರತಿ ದ್ವೀಪಕ್ಕೂ ಒಂದು ರನ್‌ವೇ ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಚೆತ್ಲತ್‌ನ ಒಟ್ಟು ನೆಲವೇ ಒಂದು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬಿತ್ರದ್ದು ಅದರ ಹತ್ತನೆಯ ಒಂದು ಭಾಗ. ಕಡಮತ್ ಉದ್ದವಿದ್ದರೂ ತೀರ ಕಿರಿದು. ಈ ನೆಲವೆಲ್ಲ ಹವಳದ ಮರಳು. ಅದರಡಿಯಲ್ಲಿ ಉಪ್ಪುನೀರಿನ ಮೇಲೆ ಮಳೆನೀರಿನ ತೆಳುವಾದ ಪದರವೊಂದು ನಿಂತಿರುತ್ತದೆ, ಜನ ಬಾವಿ ತೋಡಿ ಕುಡಿಯುವುದು ಅದನ್ನೇ. ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ, ಜಾಗ ಸಾಲದೆಂದು ಲಗೂನಿಗೆ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿಗೆ) ಮಣ್ಣು ತುಂಬಿದರೆ ಕುಡಿಯುವ ನೀರಿಗೂ, ಅಲೆಯನ್ನು ತಡೆದು ದ್ವೀಪವನ್ನು ಕಾಯುತ್ತಿರುವ ಹವಳದ ಗೋಡೆಗೂ ಒಟ್ಟಿಗೆ ಏಟು ಬೀಳುತ್ತದೆ. 2024ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ಪ್ರದರ್ಶನ ಹಾರಾಟ ನಡೆಸಿದ ಜಲವಿಮಾನಕ್ಕೆ ರನ್‌ವೇ ಬೇಡ ಎಂಬುದು ನಿಜ. ಆದರೆ ಅಂಥ ವಿಮಾನ ಹಿಡಿಸುವುದು ಇಪ್ಪತ್ತರ ಒಳಗಿನ ಜನರನ್ನು, ಮತ್ತು ಅದಕ್ಕೆ ಶಾಂತ ನೀರು, ಹಗಲಿನ ಬೆಳಕು ಎರಡೂ ಬೇಕು. ತುರ್ತಿಗೆ ಅದು ಒದಗಬಹುದು. ಇಪ್ಪತ್ತು ಸಾವಿರ ಜನರ ನಿತ್ಯದ ಓಡಾಟವನ್ನೂ ಅವರ ಅಕ್ಕಿ, ಡೀಸೆಲು, ಅಡುಗೆ ಅನಿಲವನ್ನೂ ಹೊರಬೇಕಾದದ್ದು ಹಡಗೇ. ಮುಂದಿನ ಹಲವು ದಶಕಗಳ ಕಾಲ ಈ ದ್ವೀಪಗಳು ವಿಮಾನ ನಿಲ್ದಾಣವಿಲ್ಲದ ದ್ವೀಪಗಳಾಗಿಯೇ ಇರುತ್ತವೆ ಎಂದು ಒಪ್ಪಿಕೊಂಡು ಯೋಜಿಸಿದರೆ ಮಾತ್ರ ಹಡಗಿಗೆ ಸಲ್ಲಬೇಕಾದ ಗಮನ ಸಲ್ಲುತ್ತದೆ.

ಈಗ ನನ್ನ ಮುಖ್ಯ ನಿವೇದನೆಗೆ ಬರುತ್ತೇನೆ. ಇಂದಿನ ಯೋಜನೆಗಳೆಲ್ಲ ಒಳ್ಳೆಯ ಹವೆಯಿಂದ ಆರಂಭವಾಗುತ್ತವೆ: ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಎಷ್ಟು ಹಡಗು, ಎಷ್ಟು ವೇಗದ ನೌಕೆ, ಎಷ್ಟು ಪ್ರವಾಸಿಗರು ಎಂದು ಲೆಕ್ಕ ಹಾಕಿದ ಮೇಲೆ ಮಳೆಗಾಲಕ್ಕೆ ಏನು ಉಳಿಯುತ್ತದೋ ಅದನ್ನು ಹಂಚಲಾಗುತ್ತದೆ. ಈ ಕ್ರಮವನ್ನು ತಿರುವುಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಚೆತ್ಲತ್‌ಗೂ ಬಿತ್ರಕ್ಕೂ ಕನಿಷ್ಠ ಎಷ್ಟು ಬಾರಿ ಹಡಗು ಹೋಗಲೇಬೇಕು ಎಂಬುದನ್ನು ಮೊದಲು ನಿಗದಿಪಡಿಸಿ, ಅದಕ್ಕೆ ಬೇಕಾದ ಹಡಗು, ಸಿಬ್ಬಂದಿ, ಬಂದರು, ದೋಣಿಗಳನ್ನು ಮೊದಲು ಕಾಯ್ದಿರಿಸಿ, ಉಳಿದ ಒಂಬತ್ತು ತಿಂಗಳ ಯೋಜನೆಯನ್ನು ಅದರ ಮೇಲೆ ಕಟ್ಟಬೇಕು. ಆಟಿಯ, ಅಂದರೆ ಮಳೆಗಾಲದ ನಡುವಿನ ತುಳು ತಿಂಗಳ, ಕಡಲನ್ನು ತಾಳಿಕೊಳ್ಳುವ ವ್ಯವಸ್ಥೆಗೆ ಜನವರಿಯ ಕಡಲು ಕಷ್ಟವಾಗುವುದಿಲ್ಲ. ಜನವರಿಗಾಗಿ ಹೆಣೆದ ವ್ಯವಸ್ಥೆ ಆಟಿಯಲ್ಲಿ ಪ್ರತಿ ವರ್ಷ ಕುಸಿಯುತ್ತದೆ.

ಮಳೆಗಾಲದಲ್ಲಿ ಆಗುವುದೇನೆಂಬುದು ಕರಾವಳಿಯವರಿಗೆ ಗೊತ್ತು. ಮೇ ನಡುವಿಗೆ ಮಂಜಿಗಳ ಓಡಾಟ ನಿಂತು, ಅವು ಮತ್ತೆ ಹೊರಡುವುದು ಸೆಪ್ಟೆಂಬರ್ ನಡುವಿನಲ್ಲಿ. ಮೇ ಕೊನೆಯ ವಾರದ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮಂಜಿಗಳೂ ದಡ ಸೇರಿರುತ್ತವೆ. ಲಘುವಾದ ವೇಗದ ನೌಕೆಗಳು ಆ ಕಡಲಿಗೆ ಹೇಳಿ ಮಾಡಿಸಿದವಲ್ಲ. ದ್ವೀಪಗಳ ಲಗೂನುಗಳೆಲ್ಲ ಬಹುಪಾಲು ಪಶ್ಚಿಮಕ್ಕಿವೆ, ನೈಋತ್ಯದ ಗಾಳಿ ಬಡಿಯುವುದೂ ಅತ್ತಲಿಂದಲೇ. ಹೀಗಾಗಿ ಬೇಸಿಗೆಯಲ್ಲಿ ಬಳಸುವ ಪಶ್ಚಿಮದ ಪ್ರವೇಶ ಮುಚ್ಚಿಹೋಗಿ, ಜನರು ಪೂರ್ವದ ಕಡೆಯಿಂದ ಹತ್ತಿ ಇಳಿಯಬೇಕಾಗುತ್ತದೆ. ಪೂರ್ವದ ದಂಡೆಯಲ್ಲಿ ಲಗೂನಿನ ಆಶ್ರಯವಿಲ್ಲ, ಆಳ ಥಟ್ಟನೆ ಹೆಚ್ಚುತ್ತದೆ. ದೊಡ್ಡ ಹಡಗು ದೂರದಲ್ಲೇ ನಿಂತು, ಜನ ಅದರ ಪಕ್ಕದ ಬಾಗಿಲಿನಿಂದ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕು. ದೋಣಿ ಅಲೆಯ ಮೇಲಕ್ಕೆ ಬಂದ ಒಂದು ಕ್ಷಣದಲ್ಲಿ ದಾಟಬೇಕು. ಆ ಕ್ಷಣ ತಪ್ಪಿದರೆ ಮುಂದಿನ ಅಲೆಗೆ ಕಾಯಬೇಕು. ತುಂಬು ಗರ್ಭಿಣಿ, ಮೊಣಕಾಲು ನೋವಿನ ಅಜ್ಜಿ, ಶಸ್ತ್ರಚಿಕಿತ್ಸೆ ಮುಗಿಸಿ ಹೊಲಿಗೆ ಬಿಚ್ಚದೆ ಮನೆಗೆ ಹೊರಟವರು, ಎಲ್ಲರೂ ದಾಟುವುದು ಹೀಗೆಯೇ. ಹಿಡಿದು ದಾಟಿಸುವ ದ್ವೀಪದ ಯುವಕರ ಕೈಚಳಕ ದೊಡ್ಡದು. ಆದರೆ ಒಂದು ಸರ್ಕಾರದ ಸಾರಿಗೆ ವ್ಯವಸ್ಥೆ ಕೈಚಳಕದ ಮೇಲೆ ನಿಂತಿರಬಾರದು.

ಆದ್ದರಿಂದ ಹೊಸ ಹಡಗಿನ ಟೆಂಡರಿಗಿಂತ ಮೊದಲು ಈ ಐದೂ ದ್ವೀಪಗಳ ಇಳಿದಾಣಗಳ ಸ್ಥಿತಿಯನ್ನು ನೋಡಿ. ಪೂರ್ವದ ಜೆಟ್ಟಿ ಎಲ್ಲಿದೆ, ಎಷ್ಟು ಎತ್ತರದ ಅಲೆಯವರೆಗೆ ಬಳಸಬಹುದು, ಹಡಗಿನ ಪಕ್ಕ ಕಟ್ಟಬಲ್ಲ ತೇಲುವ ವೇದಿಕೆ ಇದೆಯೇ, ಸ್ಟ್ರೆಚರನ್ನು ಮಲಗಿಸಿದಂತೆಯೇ ಇಳಿಸುವ ತೊಟ್ಟಿಲಿದೆಯೇ, ಪ್ರಯಾಣಿಕರಿಗೆಲ್ಲ ಅಳತೆಗೆ ತಕ್ಕ ಜೀವರಕ್ಷಕ ಅಂಗಿಗಳಿವೆಯೇ, ಮಕ್ಕಳದೂ ಸೇರಿ? ಇವೆಲ್ಲ ಸಣ್ಣ ಬಾಬತ್ತುಗಳಂತೆ ಕಾಣುತ್ತವೆ. ಆದರೆ 400 ಜನ ಹಿಡಿಸುವ ಹಡಗು ಚೆತ್ಲತ್‌ನ ಹೊರಗೆ ಬಂದು ನಿಂತು, ಇಳಿಸಲಾಗದೆ ಜನರನ್ನು ಹೊತ್ತುಕೊಂಡೇ ಮುಂದಿನ ದ್ವೀಪಕ್ಕೆ ಹೋಗಬೇಕಾದಾಗ ಸೋತದ್ದು ಹಡಗಲ್ಲ, ಕೊನೆಯ ಅರ್ಧ ಕಿಲೋಮೀಟರು. ಜೆಟ್ಟಿ ಕಟ್ಟುವಾಗ ಹವಳದ ದಿಬ್ಬವನ್ನು ಒಡೆದು ಕಾಲುವೆ ಅಗಲಿಸುವುದನ್ನು ಆದಷ್ಟು ತಪ್ಪಿಸಿ, ಕಂಬಗಳ ಮೇಲೆ ನಿಲ್ಲುವ, ನೀರನ್ನು ತಡೆಯದ ಕಟ್ಟಡವನ್ನೇ ಆರಿಸಬೇಕೆಂದು ಇದೇ ಸಂದರ್ಭದಲ್ಲಿ ಕೋರುತ್ತೇನೆ. ಮರಳಿನ ಸಹಜ ಚಲನೆಗೆ ಅಡ್ಡ ಕಟ್ಟಿದರೆ ಒಂದು ಕಡೆ ದಂಡೆ ಬೆಳೆದು ಇನ್ನೊಂದು ಕಡೆ ತೆಂಗಿನ ಮರಗಳು ಕಡಲಿಗೆ ಬೀಳುವುದನ್ನು ನಮ್ಮ ಉಳ್ಳಾಲ, ಸೋಮೇಶ್ವರದ ಜನ ಸಾಕಷ್ಟು ಕಂಡಿದ್ದಾರೆ.

ಎರಡನೆಯದಾಗಿ ಮಂಗಳೂರಿನ ತುದಿ. ಹಳೆ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಒಳಗಿದೆ. ಅಳಿವೆಬಾಗಿಲಿನಲ್ಲಿ ಹೂಳು ತುಂಬಿ ಆಳ ಕಡಿಮೆಯಾಗುವುದು, ಮಳೆಗಾಲದಲ್ಲಿ ನದಿಯ ಸೆಳೆತ ಮತ್ತು ಕಡಲಿನ ಅಲೆ ಎದುರುಬದುರಾಗಿ ಅಲ್ಲಿ ದೋಣಿಗಳು ಮಗುಚುವುದು ಹೊಸ ಸಂಗತಿಗಳಲ್ಲ. ಲಕ್ಷದ್ವೀಪದ ಹಡಗುಗಳಿಗೆಂದೇ ಇಲ್ಲಿ ಪ್ರತ್ಯೇಕ ಧಕ್ಕೆ (ಹಡಗುಕಟ್ಟೆ) ಕಟ್ಟುವ, ಕೇಂದ್ರದ ಸಾಗರಮಾಲಾ ಬಂದರು ಯೋಜನೆಯ ನೆರವು ಪಡೆಯುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಆ ಧಕ್ಕೆ ಕಟ್ಟಲಿ. ಆದರೆ ಧಕ್ಕೆ ಎಷ್ಟು ಚೆನ್ನಾಗಿದ್ದರೂ ಅಳಿವೆ ದಾಟಲಾಗದ ದಿನ ಅದರಿಂದ ಉಪಯೋಗವಿಲ್ಲ. ಇಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಪಣಂಬೂರಿನಲ್ಲಿ ನವಮಂಗಳೂರು ಬಂದರಿದೆ. 1970ರ ದಶಕದಿಂದ ಕೆಲಸ ಮಾಡುತ್ತಿರುವ ಅದು ಎಲ್ಲ ಋತುಗಳಲ್ಲೂ ತೆರೆದಿರುವ, ಅದಿರಿನ ಹಡಗುಗಳೂ ವಿಹಾರ ಹಡಗುಗಳೂ ಬಂದು ನಿಲ್ಲುವ ಆಳದ ಬಂದರು. ವಿದೇಶಿ ಪ್ರವಾಸಿಗರ ಹಡಗನ್ನು ಚೆಂಡೆ ಬಾರಿಸಿ ಸ್ವಾಗತಿಸುವ ಆ ಬಂದರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ಹಡಗಿಗೆ ಒಂದು ನಿಗದಿತ ತಂಗುದಾಣ, ಪ್ರಯಾಣಿಕರಿಗೆ ಒಂದು ನೆರಳು, ಶೌಚಾಲಯ ಮತ್ತು ಬಂದರಿನ ದ್ವಾರದಿಂದ ಹಡಗಿನವರೆಗೆ ಒಂದು ಬಸ್ಸು ಕೊಡುವುದು ಕಷ್ಟದ ಕೆಲಸವಲ್ಲ.

ಕಷ್ಟ ಇರುವುದು ಅಧಿಕಾರ ಹರಿದು ಹಂಚಿಹೋಗಿರುವುದರಲ್ಲಿ. ಹಳೆ ಬಂದರು ರಾಜ್ಯ ಸರ್ಕಾರದ್ದು, ನವಮಂಗಳೂರು ಬಂದರು ಕೇಂದ್ರದ ಬಂದರು ಸಚಿವಾಲಯದ್ದು, ಹಡಗು ಲಕ್ಷದ್ವೀಪ ಆಡಳಿತದ್ದು, ಆ ಆಡಳಿತ ಗೃಹ ಸಚಿವಾಲಯದ ಅಧೀನ. ಹೂಳೆತ್ತುವುದು ಒಬ್ಬರ ಕೆಲಸ, ವೇಳಾಪಟ್ಟಿ ಇನ್ನೊಬ್ಬರದು, ತಪಾಸಣೆ ಮತ್ತೊಬ್ಬರದು. ದ್ವೀಪದ ಪ್ರಯಾಣಿಕ ಯಾರನ್ನು ಕೇಳಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಈ ಮೂವರೂ ಸೇರಿ ಮಂಗಳೂರು–ಅಮಿನಿದಿವಿ ಮಾರ್ಗಕ್ಕೆ ಒಬ್ಬ ಹೊಣೆಗಾರ ಅಧಿಕಾರಿಯನ್ನು ಮಂಗಳೂರಿನಲ್ಲೇ ನೇಮಿಸಬೇಕು. ಹಡಗು ರದ್ದಾದ ದಿನ ಪ್ರಯಾಣಿಕರಿಗೆ ತಂಗಲು ಜಾಗ ಕೊಡುವ, ಮುಂದಿನ ಹಡಗಿನಲ್ಲಿ ಅವರಿಗೆ ಮೊದಲ ಆದ್ಯತೆ ಕೊಡುವ ಅಧಿಕಾರ ಅವರ ಕೈಯಲ್ಲಿರಬೇಕು.

2024ರ ಮೇ ತಿಂಗಳಲ್ಲಿ ಪರಲಿ ಎಂಬ ವೇಗದ ನೌಕೆ ಲಕ್ಷದ್ವೀಪದಿಂದ ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಗಳಲ್ಲಿ ಮಂಗಳೂರಿನ ಹಳೆ ಬಂದರು ಸೇರಿದಾಗ ಇಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮೊದಲು ಹದಿಮೂರು ಗಂಟೆ ಹಿಡಿಯುತ್ತಿದ್ದ ಹಾದಿ ಅದು. ಬಂದರಿನ ಲಾಡ್ಜುಗಳವರು, ತರಕಾರಿ ಮಂಡಿಯವರು, ಕಂಕನಾಡಿ, ದೇರಳಕಟ್ಟೆಯ ಆಸ್ಪತ್ರೆಗಳ ಬಳಿ ಔಷಧಿ ಮಾರುವವರು, ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ಆದರೆ ಆ ಸಂತೋಷದ ಜೊತೆಗೇ ಒಂದು ಪ್ರಶ್ನೆಯೂ ಇತ್ತು: ಮುಂದಿನದು ಯಾವಾಗ? ಒಂದು ನೌಕೆ ಎಷ್ಟು ಬೇಗ ಬಂತು ಎನ್ನುವುದಕ್ಕಿಂತ ಮತ್ತೆ ಯಾವ ದಿನ ಬರುತ್ತದೆ ಎನ್ನುವುದು ದ್ವೀಪದವರಿಗೆ ಮುಖ್ಯ. ಮಗಳ ಕಾಲೇಜು ಪ್ರವೇಶದ ದಿನ, ಅಪ್ಪನ ಡಯಾಲಿಸಿಸ್‌ನ ದಿನ, ಮದುವೆಯ ದಿನ, ಇವು ಹಡಗಿಗಾಗಿ ಕಾಯುವುದಿಲ್ಲ. ಏಳು ಗಂಟೆಯ ನೌಕೆ ಯಾವಾಗಲೋ ಒಮ್ಮೆ ಬರುವುದಕ್ಕಿಂತ ಹದಿಮೂರು ಗಂಟೆಯ ಹಡಗು ಪ್ರತಿ ಮಂಗಳವಾರ ತಪ್ಪದೆ ಬಂದರೆ ಅವರ ಬದುಕು ಹೆಚ್ಚು ಸುಧಾರಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ವೇಳಾಪಟ್ಟಿ ತಪ್ಪುವುದಕ್ಕೆ ಹವಾಮಾನವೊಂದೇ ಕಾರಣವಲ್ಲ. ಪ್ರಯಾಣಿಕ ಹಡಗುಗಳು ನಿಗದಿತ ಅವಧಿಗೊಮ್ಮೆ ಒಣ ಕಟ್ಟೆಗೆ (ಡ್ರೈ ಡಾಕ್) ಹೋಗಿ ತಪಾಸಣೆ ಮುಗಿಸಲೇಬೇಕು. ಇದು ಮೊದಲೇ ಗೊತ್ತಿರುವ ಸಂಗತಿ. 700 ಪ್ರಯಾಣಿಕರ ಸಾಮರ್ಥ್ಯದ ಎಂ.ವಿ. ಕವರತ್ತಿ, ಲಕ್ಷದ್ವೀಪದ ಅತಿ ದೊಡ್ಡ ಹಡಗು. 2021ರ ಡಿಸೆಂಬರಿನಲ್ಲಿ ಅದರ ಎಂಜಿನ್ ಕೋಣೆಗೆ ಬೆಂಕಿ ತಗುಲಿತು. ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದರೂ ಯಾರ ಪ್ರಾಣವೂ ಹೋಗಲಿಲ್ಲ ಎಂಬುದು ಸಿಬ್ಬಂದಿಯ ಮತ್ತು ತಟರಕ್ಷಕ ಪಡೆಯ ಶ್ರಮದ ಫಲ. ಆದರೆ ಆ ಒಂದು ಹಡಗು ಸೇವೆಯಿಂದ ಹೊರಗುಳಿದ ಬಳಿಕದ ತಿಂಗಳುಗಳಲ್ಲಿ, ಬೇರೆ ಹಡಗುಗಳೂ ದುರಸ್ತಿಗೆ ಹೋಗಿದ್ದರಿಂದ, ದ್ವೀಪಗಳಿಗೆ ಹೊರಟವರು ಕೊಚ್ಚಿಯಲ್ಲೂ, ಕೊಚ್ಚಿಗೆ ಹೊರಟವರು ದ್ವೀಪಗಳಲ್ಲೂ ಟಿಕೆಟಿಲ್ಲದೆ ಉಳಿದರು. ಯಾವ ಹಡಗು ಯಾವ ತಿಂಗಳಲ್ಲಿ ಕಟ್ಟೆಗೆ ಹೋಗುತ್ತದೆ, ಅದರ ಜಾಗಕ್ಕೆ ಯಾವುದು ಬರುತ್ತದೆ ಎಂಬುದನ್ನು ಒಂದು ವರ್ಷ ಮುಂಚಿತವಾಗಿ ಪ್ರಕಟಿಸಬೇಕು, ಮತ್ತು ಇಡೀ ಪಡೆಯಲ್ಲಿ ಒಂದು ಹಡಗನ್ನು ಯಾವಾಗಲೂ ಮೀಸಲಾಗಿಡಬೇಕು. ಖಾಲಿ ನಿಂತ ಹಡಗು ನಷ್ಟವೆಂದು ಲೆಕ್ಕಪರಿಶೋಧಕರು ಬರೆಯಬಹುದು. ಅಗ್ನಿಶಾಮಕ ವಾಹನ ಠಾಣೆಯಲ್ಲಿ ನಿಂತಿರುವುದನ್ನು ಯಾರೂ ನಷ್ಟವೆನ್ನುವುದಿಲ್ಲ.

ಸರಕಿನ ಮಾತೂ ಇದರೊಡನೆ ಸೇರಿದೆ. ಜನರು ಹಡಗಿನಲ್ಲಿ ಹೋದರೂ ಅವರ ಮನೆ ಕಟ್ಟುವ ಸಿಮೆಂಟು, ಅವರ ಅಡುಗೆಯ ಈರುಳ್ಳಿ ಹೋಗುವುದು ಬಹುಪಾಲು ಮಂಜಿಗಳಲ್ಲಿ. 2025ರ ಮೇ ತಿಂಗಳಲ್ಲಿ ಸಲಾಮತ್ ಎಂಬ ಮಂಜಿ ಮಂಗಳೂರಿನಿಂದ ಕಡಮತ್‌ಗೆ ಸಿಮೆಂಟು ಮತ್ತಿತರ ಕಟ್ಟಡ ಸಾಮಗ್ರಿ ಹೇರಿಕೊಂಡು ಹೊರಟು ಎರಡು ದಿನಗಳ ಬಳಿಕ ಕಡಲಿನಲ್ಲಿ ಮುಳುಗಿತು. ಸಣ್ಣ ದೋಣಿಯಲ್ಲಿ ತೇಲುತ್ತಿದ್ದ ಆರು ಮಂದಿಯನ್ನು ತಟರಕ್ಷಕ ಪಡೆಯ ವಿಕ್ರಮ್ ನೌಕೆ ಉಳಿಸಿತು. ಋತು ಮುಗಿಯಲು ಬೆರಳೆಣಿಕೆಯ ದಿನಗಳಿರುವಾಗ, ನಾಲ್ಕು ತಿಂಗಳಿಗಾಗುವಷ್ಟು ಸಾಮಾನು ದಾಟಿಸಬೇಕೆಂಬ ಒತ್ತಡದಲ್ಲಿ ಮಂಜಿಗಳು ಹೊರಡುತ್ತವೆ ಎಂಬುದು ಧಕ್ಕೆಯಲ್ಲಿ ಎಲ್ಲರಿಗೂ ತಿಳಿದದ್ದು. ಮಳೆಗಾಲದಲ್ಲೂ ಸರಕು ಹೊರಬಲ್ಲ ಒಂದು ಉಕ್ಕಿನ ಹಡಗು ನವಮಂಗಳೂರು ಬಂದರಿನಿಂದ ತಿಂಗಳಿಗೊಮ್ಮೆಯಾದರೂ ಖಚಿತವಾಗಿ ಹೊರಡುತ್ತದೆ ಎಂದಾದರೆ, ಮೇ ತಿಂಗಳ ಈ ಧಾವಂತ ತಾನಾಗಿಯೇ ಇಳಿಯುತ್ತದೆ. ಇದರಿಂದ ಮಂಜಿಯವರ ಕಸುಬಿಗೆ ಪೆಟ್ಟಾಗಬಾರದು. ಬೇಸಿಗೆಯ ಎಂಟು ತಿಂಗಳ ಸಾಗಣೆ ಅವರಲ್ಲೇ ಉಳಿಯಲಿ, ಅವರ ಮಂಜಿಗಳಿಗೆ ಹವಾಮಾನ ಮುನ್ಸೂಚನೆ ತಲುಪುವ ಉಪಕರಣ, ಜೀವರಕ್ಷಕ ತೆಪ್ಪ, ವಿಮೆ ಇವುಗಳಿಗೆ ಸರ್ಕಾರ ನೆರವಾಗಲಿ.

ಮಂಗಳೂರಿನ ಪರವಾಗಿ ಬರೆಯುತ್ತಿರುವ ನಾನು ಕೇರಳದ ಕೊಚ್ಚಿ ಬಂದರನ್ನೂ ಬೇಪೂರು ಬಂದರನ್ನೂ ಬಿಡಿಸಿ ಎಂದು ಕೇಳುತ್ತಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. 2021ರಲ್ಲಿ ಸರಕು ಸಾಗಣೆಯನ್ನು ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಸುದ್ದಿ ಹಬ್ಬಿದಾಗ ದ್ವೀಪಗಳಲ್ಲಿ ಅದಕ್ಕೆ ವಿರೋಧ ಎದ್ದಿತ್ತು, ಮತ್ತು ಆ ವಿರೋಧ ನ್ಯಾಯವಾದದ್ದೇ. ದ್ವೀಪದವರ ಮಾತು ಮಲಯಾಳಕ್ಕೆ ಹತ್ತಿರದ್ದು. ಅವರ ಹೈಕೋರ್ಟು, ಬಂಧುಬಳಗ ಕೇರಳದಲ್ಲಿವೆ. ಆಂದ್ರೋತ್, ಕಲ್ಪೇನಿ, ಮಿನಿಕಾಯ್ ದ್ವೀಪಗಳಿಗೆ ಕೇರಳದ ಬಂದರುಗಳೇ ಹತ್ತಿರ. ಉತ್ತರದ ಐದು ದ್ವೀಪಗಳಿಗೆ ಇರುವ ಬಾಗಿಲಿನ ಜೊತೆಗೆ ಇನ್ನೊಂದು ಬಾಗಿಲು ಸದಾ ತೆರೆದಿರಲಿ ಎಂಬುದಷ್ಟೇ ಕೋರಿಕೆ. ಅದನ್ನು ಬಳಸುವುದೂ ಬಿಡುವುದೂ ಅವರ ಆಯ್ಕೆಯಾಗಿರಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಅದು ಸಾರಿಗೆ ಯೋಜನೆಯಾಗುವುದಿಲ್ಲ.

ಟಿಕೆಟಿನ ಹಂಚಿಕೆಯ ಬಗ್ಗೆ ಒಂದು ಮಾತು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳ ಭೇಟಿಯ ಬಳಿಕ ಲಕ್ಷದ್ವೀಪದತ್ತ ಪ್ರವಾಸಿಗರ ಆಸಕ್ತಿ ಬಹಳ ಹೆಚ್ಚಿತು. ಅದೇ ವರ್ಷದ ಮಧ್ಯಂತರ ಬಜೆಟ್ ಭಾಷಣದಲ್ಲಿ ಲಕ್ಷದ್ವೀಪ ಸೇರಿದಂತೆ ದ್ವೀಪಗಳ ಬಂದರು ಸಂಪರ್ಕದ ಪ್ರಸ್ತಾಪವೂ ಬಂತು. ಪ್ರವಾಸೋದ್ಯಮದಿಂದ ದ್ವೀಪಕ್ಕೆ ಆದಾಯ ಬರುತ್ತದೆ, ಬರಲಿ. ಆದರೆ ಪ್ರವಾಸಿಗೆ ಹಡಗು ವಿಹಾರದ ಒಂದು ಭಾಗ, ದ್ವೀಪದವರಿಗೆ ಅದು ಊರಿನ ರಸ್ತೆ. ಪ್ರತಿ ಹಡಗಿನಲ್ಲೂ ದ್ವೀಪವಾರು ಸೀಟುಗಳನ್ನು ಮೊದಲು ನಿಗದಿ ಮಾಡಿ, ರೋಗಿಗಳು ಮತ್ತು ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳಿಗೆ ಹಡಗು ಹೊರಡುವ ಹಿಂದಿನ ದಿನದವರೆಗೂ ಒಂದಷ್ಟನ್ನು ಕಾಯ್ದಿಟ್ಟು, ಉಳಿದದ್ದನ್ನು ಮಾತ್ರ ಪ್ರವಾಸಿಗರಿಗೆ ಬಿಡಬೇಕು. ಬಂಕ್ ಕ್ಲಾಸಿನ ದರವನ್ನು ಇಂಧನದ ಬೆಲೆಯೊಡನೆ ತೂಗಬಾರದು. ನೆಲದ ಮೇಲೆ ಇಷ್ಟೇ ದೂರಕ್ಕೆ ಸರ್ಕಾರಿ ಬಸ್ಸಿನಲ್ಲಿ ಎಷ್ಟಾಗುತ್ತದೋ ಅಷ್ಟರ ಆಸುಪಾಸಿನಲ್ಲೇ ಅದು ನಿಲ್ಲಬೇಕು. ಸ್ಕಾಟ್ಲೆಂಡಿನ ದ್ವೀಪಗಳ ಫೆರಿ ದರವನ್ನು ರಸ್ತೆ ಪ್ರಯಾಣದ ವೆಚ್ಚಕ್ಕೆ ಹೊಂದಿಸಿರುವ ಪದ್ಧತಿ ಹಲವು ವರ್ಷಗಳಿಂದ ನಡೆದುಬಂದಿದೆ.

ನೆರೆಯ ಮಾಲ್ಡೀವ್ಸ್ ಸರ್ಕಾರವೂ 2022ರಿಂದ ತನ್ನ ದ್ವೀಪಗಳ ನಡುವೆ ವೇಗದ ಫೆರಿಗಳ ಸಾರ್ವಜನಿಕ ಜಾಲವನ್ನು ಕಟ್ಟತೊಡಗಿದೆ. ಅಲ್ಲಿಂದ ಕಲಿಯುವುದಿದೆ, ಆದರೆ ಅವರ ದ್ವೀಪಗಳು ಅಟಾಲುಗಳೆಂಬ ಹವಳದ ಉಂಗುರಗಳ ಒಳಗೆ ಒತ್ತೊತ್ತಾಗಿವೆ, ನಮ್ಮವು ತೆರೆದ ಕಡಲಿನಲ್ಲಿ ಒಂದಕ್ಕೊಂದು ಹತ್ತಾರು ಕಿಲೋಮೀಟರ್ ದೂರದಲ್ಲಿ ಒಂಟಿಯಾಗಿ ನಿಂತಿವೆ. ಅಲ್ಲಿನ ನೌಕೆಯನ್ನು ಕೊಂಡು ತಂದರೆ ಸಾಲದು. ದಿನ, ಹೊತ್ತು, ನಿಲ್ದಾಣ ಎಲ್ಲವನ್ನೂ ಮುಂಚಿತವಾಗಿ ಘೋಷಿಸಿ ಅದರಂತೆ ನಡೆಯುವ ಶಿಸ್ತನ್ನು ತರಬೇಕು. ಅಮಿನಿಯನ್ನು ಕೇಂದ್ರವಾಗಿಟ್ಟುಕೊಂಡು ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳನ್ನು ವಾರಕ್ಕೆ ಎರಡು ಬಾರಿ ಸುತ್ತುವ ಒಂದು ಗಟ್ಟಿಮುಟ್ಟಾದ ಸಣ್ಣ ಹಡಗು ಇದ್ದರೆ, ಮಂಗಳೂರಿನಿಂದ ಬರುವ ದೊಡ್ಡ ಹಡಗು ಐದೂ ಕಡೆ ನಿಲ್ಲಬೇಕಾಗಿಲ್ಲ. ಬಿತ್ರದ 271 ಜನರಿಗಾಗಿ ದೊಡ್ಡ ಹಡಗು ಸುತ್ತು ಹಾಕುವುದು ದುಬಾರಿ ಎಂಬ ವಾದಕ್ಕೂ ಆಗ ಆಸ್ಪದವಿರುವುದಿಲ್ಲ.

ವೈದ್ಯಕೀಯ ತುರ್ತನ್ನು ಹಡಗಿನ ಲೆಕ್ಕಕ್ಕೆ ಸೇರಿಸಬಾರದು, ಅದಕ್ಕೆ ಹೆಲಿಕಾಪ್ಟರ್ ಇದೆ ಎನ್ನಬಹುದು. ಇದೆ, ಮತ್ತು ಅದು ಎಷ್ಟೋ ಜೀವ ಉಳಿಸಿದೆ. ಆದರೆ ಹೆಲಿಕಾಪ್ಟರು ಸಾಮಾನ್ಯವಾಗಿ ಹಾರುವುದು ಕೊಚ್ಚಿಗೆ. ಕಿಲ್ತಾನಿನ ರೋಗಿಯನ್ನು, ಅವರ ಮನೆಯವರು ಒಪ್ಪಿದರೆ, 250 ಕಿಲೋಮೀಟರ್ ದೂರದ ಮಂಗಳೂರಿಗೂ ಕರೆತರಬಹುದಾದ ಏರ್ಪಾಡು ಬೇಕು. ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳು ಒಂದರ ಪಕ್ಕ ಒಂದಿವೆ. ದ್ವೀಪದವರು ಚಿಕಿತ್ಸೆಗೆಂದು ಹೇಗೂ ಇಲ್ಲಿಗೆ ಬರುತ್ತಿದ್ದಾರೆ. ಕರ್ನಾಟಕ ಸರ್ಕಾರವು ಜಿಲ್ಲಾ ವೆನ್‌ಲಾಕ್ ಆಸ್ಪತ್ರೆಯಲ್ಲಿ ದ್ವೀಪದ ರೋಗಿಗಳಿಗಾಗಿ ಮಲಯಾಳ ಬಲ್ಲ ಒಬ್ಬ ಸಹಾಯಕರನ್ನು ಇರಿಸಿದರೆ ಅದೇ ದೊಡ್ಡ ಉಪಕಾರ.

ಕೊನೆಯದಾಗಿ, ಕಾಲಮಿತಿಯ ಕೋರಿಕೆ. ಮುಂದಿನ ಮಳೆಗಾಲದ ವೇಳಾಪಟ್ಟಿಯನ್ನು ಅದಕ್ಕೂ ಮುಂಚಿನ ಜನವರಿ ಮುಗಿಯುವುದರೊಳಗೆ ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪ್ರಕಟಿಸಿ, ಪ್ರತಿ ದ್ವೀಪದ ಜೆಟ್ಟಿಯಲ್ಲೂ ಮಂಗಳೂರಿನ ಎರಡೂ ಬಂದರುಗಳಲ್ಲೂ ಅಂಟಿಸಬೇಕು. ಋತು ಮುಗಿದ ಮೇಲೆ ಎಷ್ಟು ಹಡಗು ಹೊರಡಬೇಕಿತ್ತು, ಎಷ್ಟು ಹೊರಟವು, ರದ್ದಾದವು ಯಾವ ಕಾರಣಕ್ಕೆ, ಎಷ್ಟು ಜನ ಇಳಿಯಲಾಗದೆ ಮುಂದೆ ಹೋದರು ಎಂಬ ಲೆಕ್ಕವನ್ನು ದ್ವೀಪವಾರು ಬಿಡುಗಡೆ ಮಾಡಬೇಕು. ಈ ಯೋಜನೆಯ ಮೊದಲ ಸಮಾಲೋಚನೆಯನ್ನು ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲೋ ಮಂಗಳೂರಿನಲ್ಲೋ ಮಾಡದೆ, ಜುಲೈ ತಿಂಗಳಲ್ಲಿ ಚೆತ್ಲತ್‌ನಲ್ಲಿ ನಡೆಸಬೇಕು. ಮೂರೂ ಕಚೇರಿಗಳ ಹಿರಿಯ ಅಧಿಕಾರಿಗಳು ಅಲ್ಲಿಗೆ ಹೆಲಿಕಾಪ್ಟರಿನಲ್ಲಿ ಹೋಗದೆ, ಪ್ರಯಾಣಿಕರ ಹಡಗಿನಲ್ಲೇ ಹೋಗಿ, ಪ್ರಯಾಣಿಕರ ದೋಣಿಗೇ ಇಳಿದು ದಡ ಸೇರಬೇಕೆಂದು ವಿನಂತಿಸುತ್ತೇನೆ.

ಇತಿ,
ಮಂಗಳೂರು ಬಂದರು ಪ್ರದೇಶದ ಒಬ್ಬ ನಿವಾಸಿ